ರಾಹೆಲೆಯ ಎರಡು ‘ಬೇಡ’

ರಾಹೆಲೆ ದೆಹ್ಕಾನಿಗೆ ಇಪ್ಪತ್ತೇಳು ವರ್ಷ. ಅದರಲ್ಲಿ ಮೂರು ವರ್ಷವನ್ನು ಅವಳು ಇಲಿಗಳನ್ನು ಮಲಗಿಸುವುದರಲ್ಲೇ ಕಳೆದಿದ್ದಳು. ಮಕ್ಕಳನ್ನು ಮಲಗಿಸಿ ಹೆಸರು ಪಡೆದ ಹೆಂಗಸರು ಇರಾನಿನ ಯಜ್ದ್ ಊರಿನಲ್ಲಿ ಬೇಕಾದಷ್ಟಿದ್ದರು. ಇಲಿಯ ತಲೆಗೆ ಕೂದಲಿಗಿಂತ ಸಪೂರದ ತಂತಿ ಸಿಕ್ಕಿಸಿ, ಹಗಲೆಲ್ಲ ಓಡಾಡಿದ ದಾರಿಯನ್ನು ಅದು ನಿದ್ದೆಯಲ್ಲಿ ಹೇಗೆ ನೆನೆಸಿಕೊಳ್ಳುತ್ತದೆ ಎಂದು ಬರೆದಿಟ್ಟುಕೊಳ್ಳುವವಳು ಇವಳೊಬ್ಬಳೇ. "ನಮ್ಮ ಹುಡುಗಿ ಡಾಕ್ಟರು" ಎಂದು ತಾಯಿ ಸೆದ್ದೀಗೆ ಖಾನುಮ್ ನೆಂಟರ ಮುಂದೆ ಶುರುಮಾಡುತ್ತಿದ್ದಳು. "ಯಾವುದರ ಡಾಕ್ಟರು?" ಎಂದು ಅವರು ಕೇಳಿದೊಡನೆ, "ಚಹಾ ಆರ್‍ಹೋಗುತ್ತೆ, ಕುಡೀರಿ" ಎಂದು ಮಾತು ತೇಲಿಸುತ್ತಿದ್ದಳು.

ನರವಿಜ್ಞಾನದಲ್ಲಿ ಓದುವುದು ಅರ್ಧ, ನರಳುವುದು ಅರ್ಧ. ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಕರೆಂಟು ಹೋಗುತ್ತಿತ್ತು. ಇಲಿ ಇನ್ನೇನು ಗಾಢ ನಿದ್ದೆಗೆ ಇಳಿಯಬೇಕು, ಅಷ್ಟರಲ್ಲಿ ಯಂತ್ರ ತಾನೇ ಮಲಗಿಬಿಡುತ್ತಿತ್ತು. ಎರಡು ತಿಂಗಳು ಹೀಗೆ ಅತ್ತೂ ಕರೆದೂ ಆದಮೇಲೆ ರಾಹೆಲೆ ಒಂದು ಬೆಳಿಗ್ಗೆ ತಂದೆಯ ಹಳೇ ಕಾರಿನ ಬ್ಯಾಟರಿಯನ್ನು ಬಿಚ್ಚಿ, ಚಾದರದೊಳಗೆ ಕೂಸಿನಂತೆ ಎತ್ತಿಕೊಂಡು ಪ್ರಯೋಗಶಾಲೆಗೆ ಹೋದಳು. ಆ ಬೇಸಿಗೆಯೆಲ್ಲ ಇಲಿಗಳ ಕನಸು ಕಾರಿನ ಬ್ಯಾಟರಿಯಲ್ಲಿ ಓಡಿತು. ತಂದೆ ಆಗಾ ಜಲೀಲ್ ಮಿಠಾಯಿ ಅಂಗಡಿಯವನು. ಮದುವೆಮನೆಗಳಿಗೆ ಹೋಗಬೇಕಾದ ಪೆಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿ ತಳ್ಳುತ್ತಾ, "ನನ್ನ ಕಾರು ಓದೋಕೆ ಹೋಗಿದೆ" ಎಂದು ಕೇಳಿದವರಿಗೆಲ್ಲ ಹೇಳಿದ.

ಅಲ್ಲಿಂದ ಮುಂದೆ ಹೊರದೇಶದ ಅರ್ಜಿಗಳ ಕಾಲ. ಅರ್ಜಿ ನಮ್ಮದು, ಮರ್ಜಿ ಅವರದು. ರಾಹೆಲೆ ಅರವತ್ತು ಪ್ರೊಫೆಸರುಗಳಿಗೆ ಪತ್ರ ಬರೆದಳು. ಒಂಬತ್ತು ಕಡೆ ಅರ್ಜಿ ಹಾಕಿದಳು. ಐದು ಕಡೆಯಿಂದ "ವಿಷಾದಿಸುತ್ತೇವೆ" ಎಂದು ಬಂತು. ಮೂರು ಕಡೆಯವರಿಗೆ ವಿಷಾದಿಸಲೂ ಪುರುಸೊತ್ತಿರಲಿಲ್ಲ. ಉಳಿದದ್ದು ಒಂದೇ: ಹಾಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಮರೈಕೆ ಹೊಲ್ತ್‌ಸ್ಮಾ ಎಂಬ ಪ್ರೊಫೆಸರಳ ಪ್ರಯೋಗಶಾಲೆ. ನಿದ್ದೆ ಮತ್ತು ನೆನಪು, ಅದೇ ವಿಷಯ, ಅದೇ ಇಲಿಗಳು. ಜಾಗ ಮಾತ್ರ ಒಂದೇ ಒಂದು. ಬುಧವಾರ ಮಧ್ಯಾಹ್ನ ಮೂರೂವರೆಗೆ ಪರದೆಯ ಮೇಲೆ ಸಂದರ್ಶನ.

ಆ ಬುಧವಾರ ಮನೆಯಲ್ಲಿ ಯಾರೂ ಫೋನಿನಲ್ಲಿ ಇಂಟರ್ನೆಟ್ ಹಚ್ಚಬಾರದೆಂದು ಅಜ್ಜಿ ಬೀಬಿ ಬೆಳಿಗ್ಗೆಯೇ ಆಜ್ಞೆ ಹೊರಡಿಸಿದ್ದಳು. ಮೊಮ್ಮಗಳ ತಲೆಯ ಸುತ್ತ ಧೂಪದ ಬೀಜಗಳನ್ನು ಸುಟ್ಟು ದೃಷ್ಟಿ ತೆಗೆದಳು.

"ಬೀಬಿ, ಹೊಗೇಲಿ ನನ್ನ ಮುಖಾನೇ ಕಾಣ್ಸಲ್ಲ ಅವ್ರಿಗೆ!"

"ಮುಖ ನೋಡಿ ಸೊಸೆ ತಗೋತಾರೆ, ತಲೆ ನೋಡಿ ತಾನೆ ನಿನ್ನ ತಗೋಳೋದು? ಸುಮ್ನೆ ಕೂತ್ಕೋ."

ಮೂರೂವರೆಗೆ ಸರಿಯಾಗಿ ಪರದೆಯ ಮೇಲೆ ಮರೈಕೆ ಹೊಲ್ತ್‌ಸ್ಮಾ ಮೂಡಿದಳು. ಗಿಡ್ಡ ನರೆಗೂದಲು, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. ಕುಶಲ ಕೇಳಲಿಲ್ಲ, ಮನೆಯವರನ್ನು ವಿಚಾರಿಸಲಿಲ್ಲ, ನೇರ ಇಲಿಗೇ ಬಂದಳು. ಮೊದಲ ಐದು ನಿಮಿಷ ರಾಹೆಲೆಯ ನಾಲಗೆ ಅಂಟಿಕೊಂಡಿತ್ತು. ಆಮೇಲೆ ಇಲಿಗಳು ಅವಳ ಕೈಹಿಡಿದವು. ಯಾವ ಇಲಿ ಎಷ್ಟು ಸಲ ಅದೇ ದಾರಿಯನ್ನು ಕನಸಿನಲ್ಲಿ ಓಡಿತು, ಒಂದು ಇಲಿ ಮಾತ್ರ ಯಾಕೆ ಹಿಂದುಮುಂದಾಗಿ ಓಡಿತು ಎಂದೆಲ್ಲ ಹೇಳುತ್ತ ಹೇಳುತ್ತ ಅವಳ ಕೈಗಳೇ ಪರದೆಯ ತುಂಬ ಓಡಾಡಿದವು.

"ತಡೀರಿ," ಎಂದಳು ಪ್ರೊಫೆಸರು. ಬ್ರೆಡ್ಡು ಕೆಳಗಿಟ್ಟಳು. "ಇದನ್ನೆಲ್ಲ ಕಾರಿನ ಬ್ಯಾಟರೀಲಿ ಮಾಡಿದ್ರಾ?"

"ಅಯ್ಯೋ, ಅದೇನ್ ದೊಡ್ಡದಲ್ಲ ಬಿಡಿ. ನಮ್ಮಪ್ಪನ ಬ್ಯಾಟರಿ."

"ನನ್ನ ಹುಡುಗ್ರು ಕಂಪ್ಯೂಟರ್ ನಿಧಾನ ಅಂತ ಗೊಣಗ್ತಾರೆ." ಹೊಲ್ತ್‌ಸ್ಮಾ ಕನ್ನಡಕ ತೆಗೆದಳು. "ನೋಡಿ, ಸುತ್ತಿಬಳಸಿ ಮಾತಾಡೋಕೆ ನಂಗೆ ಬರಲ್ಲ. ಸಂಜೆ ಐದಕ್ಕೆ ನಾನು ಆಫೀಸಿಗೆ ಹೆಸರು ಕೊಡ್ಬೇಕು. ನಿಮ್ಮ ಹೆಸರೇ ಕೊಡೋಣ ಅಂತಿದೀನಿ. ಈ ಜಾಗ ನಿಮಗೆ ಬೇಕಾ?"

ರಾಹೆಲೆಗೆ ಕುಣಿಯಬೇಕೆನಿಸಿತು. ಆದರೆ ಮೊದಲ ಸಲ ಕೇಳಿದ್ದಕ್ಕೇ ಬೇಕು ಎಂದು ಬಾಯಿಬಿಡಲು ಅವಳೇನು ಹಸಿದ ಬೆಕ್ಕೇ? ಒಳ್ಳೆಯ ಮನೆತನದ ಹುಡುಗಿ. ಕೈಯನ್ನು ಎದೆಯ ಮೇಲಿಟ್ಟು, ತಲೆ ಬಾಗಿಸಿ, "ಇಲ್ಲ ಇಲ್ಲ, ದಯವಿಟ್ಟು. ನಾನು ಅದಕ್ಕೆ ಯೋಗ್ಯಳಲ್ಲ" ಎಂದಳು.

ಹೊಲ್ತ್‌ಸ್ಮಾ ಹುಬ್ಬೇರಿಸಿದಳು. "ಅಂದ್ರೆ, ನಿಮಗೆ ಬೇಡ್ವಾ?"

ಎಷ್ಟು ಚೆನ್ನಾಗಿ ಒತ್ತಾಯ ಮಾಡುತ್ತಾಳೆ, ನಮ್ಮವಳ ಹಾಗೇ ಎಂದು ರಾಹೆಲೆಗೆ ಅಕ್ಕರೆ ಉಕ್ಕಿತು. "ನನ್ನಿಂದ ನಿಮಗೆ ತೊಂದರೆ ಬೇಡ. ನನಗಿಂತ ಯೋಗ್ಯರು ಎಷ್ಟೋ ಜನ ಇರ್ತಾರೆ."

"ಸರಿ," ಎಂದಳು ಪ್ರೊಫೆಸರು. ಮುಖ ಸ್ವಲ್ಪ ಬಾಡಿತ್ತು. "ನೇರವಾಗಿ ಹೇಳಿದ್ರಲ್ಲ, ಥ್ಯಾಂಕ್ಸ್. ಒಳ್ಳೇದಾಗ್ಲಿ ನಿಮಗೆ."

ಪರದೆ ಕಪ್ಪಾಯಿತು.

ರಾಹೆಲೆ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಕೆಳಗಿನ ಅಂಗಡಿಗೆ ಬಂದಳು. ತಂದೆ ಕರಿದ ಬಾದಾಮಿ ಮಿಠಾಯಿಯನ್ನು ಸಕ್ಕರೆಪುಡಿಯಲ್ಲಿ ಹೊರಳಿಸುತ್ತಿದ್ದ. ತಾಯಿ ಪೆಟ್ಟಿಗೆ ಕಟ್ಟುತ್ತಿದ್ದಳು. ಬೀಬಿ ಮೂಲೆಯ ಕುರ್ಚಿಯಲ್ಲಿ ಮಣಿಸರ ಎಣಿಸುತ್ತಿದ್ದಳು.

"ಕೇಳಿದ್ಲು! ಬೇಕಾ ಅಂತ ಅವಳೇ ಬಾಯಿಬಿಟ್ಟು ಕೇಳಿದ್ಲು!"

ಸೆದ್ದೀಗೆ ಖಾನುಮ್ ಕೈಯಲ್ಲಿದ್ದ ದಾರ ಬಿಟ್ಟು ಮಗಳನ್ನು ತಬ್ಬಿಕೊಂಡಳು. ಆಗಾ ಜಲೀಲ್ ಸಕ್ಕರೆ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು, ಕಣ್ಣುರಿದು ಇನ್ನಷ್ಟು ಅತ್ತ.

"ನೀನೇನಂದೆ?" ಎಂದಳು ಬೀಬಿ.

"ಇನ್ನೇನಂತಾರೆ ಬೀಬಿ? ಅಯ್ಯೋ ಬೇಡ, ನಾನು ಯೋಗ್ಯಳಲ್ಲ ಅಂದೆ."

"ಭೇಷ್. ಆಮೇಲೆ?"

"ಇನ್ನೊಂದ್ಸಲ ಕೇಳಿದ್ಲು. ತೊಂದ್ರೆ ತಗೋಬೇಡಿ ಅಂದೆ."

"ಭೇಷ್ ಭೇಷ್. ಮೂರನೇ ಸಲ?"

ಪರದೆ ಕಪ್ಪಾದದ್ದು ರಾಹೆಲೆಗೆ ಈಗ ಕಾಣಿಸಿತು.

"ಮೂರನೇ ಸಲ... ಕೇಳ್ಲಿಲ್ಲ."

ಬೀಬಿಯ ಮಣಿಸರ ನಿಂತುಹೋಯಿತು.

"ಕೇಳ್ದೇನೇ ಹೋದ್ಲಾ?" ಸೆದ್ದೀಗೆ ಖಾನುಮ್ ಎದೆ ಹಿಡಿದುಕೊಂಡಳು. "ಎಂಥಾ ಸಂಸ್ಕಾರ ಇಲ್ಲದ ಹೆಂಗ್ಸೇ ಅವಳು! ಅವಳಮ್ಮ ಏನೂ ಹೇಳಿಕೊಡ್ಲಿಲ್ವಾ?"

"ಅಮ್ಮಾ, ಅವ್ಳು ನಿಜ ಅಂದ್ಕೊಂಡ್ಳು! ನಂಗೆ ಬೇಡ ಅಂತ್ಲೇ ಅಂದ್ಕೊಂಡ್ಳು!"

ಹಾಲೆಂಡಿನವರು ಹಾಲಿಗೂ ನೀರು ಬೆರೆಸರು, ಮಾತಿಗೂ ಬೆರೆಸರು. ಅವರಲ್ಲಿ ಬೇಡ ಅಂದರೆ ಬೇಡವೇ. ಯಜ್ದಿನ ಉಪಚಾರ ಅಲ್ಲಿ ಹೋಗಿ ಅಪಚಾರವಾಗಿತ್ತು. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಹಾಲೆಂಡು ಎರಡೂವರೆ ಗಂಟೆ ಹಿಂದೆ, ಅಂದರೆ ಅಲ್ಲಿ ಇನ್ನೂ ಒಂದೂಮುಕ್ಕಾಲು. ಅಲ್ಲಿನ ಐದಕ್ಕೆ ಹೆಸರು ಆಫೀಸಿಗೆ ಹೋಗುತ್ತದೆ.

ಪತ್ರ ಬರೆಯುವುದೆಂದು ಎಲ್ಲರೂ ತೀರ್ಮಾನಿಸಿದರು. ಮಿಠಾಯಿ ಕಟ್ಟುವ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ರಾಹೆಲೆ ಬರೆದಳು. ಅಮ್ಮ ಕುಶಲಪ್ರಶ್ನೆ ಹೇಳಿಕೊಟ್ಟಳು, ಅಜ್ಜಿ ಆಶೀರ್ವಾದ ಸೇರಿಸಿದಳು, ಪ್ರೊಫೆಸರಳ ಅಮೂಲ್ಯ ಸಮಯ ಹಾಳುಮಾಡಿದ್ದಕ್ಕೆ ಮೂರು ಬಗೆಯ ಕ್ಷಮೆ ಬಂತು. ಮುಕ್ಕಾಲು ಗಂಟೆಯಲ್ಲಿ ಒಂದು ಪುಟ ತುಂಬಿತು. ಆಗಾ ಜಲೀಲ್ ಕೈ ತೊಳೆದು ಬಂದು, "ಓದಿ ಹೇಳು" ಎಂದ. ಮಗಳು ಪಾರಸಿಯಲ್ಲಿ ಹೇಳುತ್ತ ಹೋದಳು. ಅವನು ಕಣ್ಣುಮುಚ್ಚಿ ಕೇಳಿದ.

"ಚೆನ್ನಾಗಿದೆ. ಕಲ್ಲೂ ಕರಗುತ್ತೆ. ಆದ್ರೆ ಇದ್ರಲ್ಲಿ ‘ಬೇಕು’ ಅನ್ನೋದು ಎಲ್ಲಿದೆ ಮಗಳೇ?"

ಇಂಗ್ಲಿಷ್ ಬಾರದ ಇಬ್ಬರೂ ಸೇರಿ ಮೂವರು ಹೆಂಗಸರೂ ಪರದೆಗೆ ಬಗ್ಗಿ ಹುಡುಕಿದರು. ಎಲ್ಲೂ ಇರಲಿಲ್ಲ.

"ಹನ್ನೊಂದ್ ವರ್ಷದ ಹಿಂದೆ," ಎಂದ ಆಗಾ ಜಲೀಲ್, "ಒಬ್ಬ ಪರದೇಶಿ ಪ್ರವಾಸಿ ಅಂಗಡಿಗೆ ಬಂದ. ದೊಡ್ಡ ಪೆಟ್ಟಿಗೆ ಕಟ್ಟಿಸ್ಕೊಂಡು, ಎಷ್ಟಾಯ್ತು ಅಂದ. ನಾನು ದಿನಾ ಎಲ್ಲರಿಗೂ ಹೇಳೋ ಹಾಗೆ, ದುಡ್ಡು ನಿಮಗಿಂತ ಹೆಚ್ಚೇ, ಇರ್ಲಿ ಬಿಡಿ ಅಂದೆ. ಅವನು ನನ್ನ ಕೈ ಕುಲುಕಿ, ಕಣ್ಣಲ್ಲಿ ನೀರು ತುಂಬ್ಕೊಂಡು, ಪೆಟ್ಟಿಗೆ ತಗೊಂಡು ಹೋದ."

"ನಂಗೆ ಹೇಳೇ ಇಲ್ಲ ನೀವು!" ಎಂದಳು ಹೆಂಡತಿ.

"ಹೇಗ್ ಹೇಳ್ಲಿ? ಬಾಗಿಲಲ್ಲಿ ನಿಂತು ಕೈ ಬೀಸ್ತಾ ಇದ್ದೆ. ಓಡಿಹೋಗಿ ಕೇಳೋಕೆ ಮರ್ಯಾದೆ ಅಡ್ಡ ಬಂತು. ಅದು ಒಂದು ಪೆಟ್ಟಿಗೆ ಮಿಠಾಯಿ, ಹೋಯ್ತು. ಇದು ಹಾಗಲ್ಲ. ಕಾಗದ ಗೀಗದ ಬೇಡ. ಓಡು. ಫೋನ್ ಮಾಡು."

ಪ್ರಯೋಗಶಾಲೆಯ ಪುಟದ ಅಡಿಯಲ್ಲಿ ನಂಬರಿತ್ತು. ಅಂಗಡಿಯ ಫೋನಿನಲ್ಲಿ ರಾಹೆಲೆ ಅದನ್ನು ಒತ್ತಿದಳು. ಎರಡು ಸಲ ತಪ್ಪಾಯಿತು. ಮೂರನೆಯದಕ್ಕೆ ಗಂಟೆ ಹೊಡೆಯಿತು. ತಾಯಿ, ತಂದೆ, ಅಜ್ಜಿ ಮೂವರೂ ಅವಳ ಕಿವಿಗೆ ತಮ್ಮ ಕಿವಿ ತಂದರು.

"ಹೊಲ್ತ್‌ಸ್ಮಾ," ಎಂದಿತು ಆ ಕಡೆಯ ದನಿ.

"ನಾನು ರಾಹೆಲೆ. ಯಜ್ದಿನಿಂದ. ನಾನು ಬೇಡ ಅಂದಿದ್ದು ಬೇಡ ಅಂತ ಅಲ್ಲ!"

"ಮತ್ತೇನಂತ?"

ರಾಹೆಲೆ ಒಂದೇ ಉಸಿರಿಗೆ ಹೇಳಿದಳು. ನಮ್ಮಲ್ಲಿ ಮೊದಲನೇ ಬೇಡ ಮರ್ಯಾದೆಗೆ, ಎರಡನೇ ಬೇಡ ನೀವು ಮನಸಾರೆ ಕೇಳುತ್ತಿದ್ದೀರೋ ಇಲ್ಲವೋ ನೋಡೋದಕ್ಕೆ, ಮೂರನೇ ಸಲ ಕೇಳಿದರೆ ಆಗ ನಿಜ ಹೇಳೋದು. ಇದಕ್ಕೆ ತಾರೋಫ್ ಅಂತಾರೆ. ತಪ್ಪು ನಂದೇ.

ಹೊಲ್ತ್‌ಸ್ಮಾ ನಿಟ್ಟುಸಿರು ಬಿಟ್ಟದ್ದು ನಾಲ್ಕು ಕಿವಿಗಳಿಗೂ ಕೇಳಿಸಿತು. "ವಿಚಿತ್ರ. ನಿಮ್ಮಾದ್ಮೇಲೆ ಪಟ್ಟೀಲಿದ್ದ ಎರಡನೆಯವನ ಜೊತೆ ಮಾತಾಡ್ದೆ. ನಿಮ್ಮ ದೇಶದವನೇ, ಶಿರಾಜಿನ ಹುಡುಗ. ಅವನಿಗೂ ಕೇಳ್ದೆ. ಅವನೂ ನಾನು ಯೋಗ್ಯ ಅಲ್ಲ ಅಂದ. ಆಗಿಂದ ಕೂತು ಯೋಚಿಸ್ತಿದೀನಿ, ನನ್ನ ಪ್ರಯೋಗಶಾಲೆಗೆ ಏನಾಗಿದೆ, ಯಾಕೆ ಯಾರೂ ಬರಲ್ಲ ಅಂತ. ಅವನಿಗಂತೂ ನಿಜವಾಗ್ಲೂ ಬೇಡ ಅನ್ಸುತ್ತೆ, ಅಲ್ವಾ?"

ಸೆದ್ದೀಗೆ ಖಾನುಮ್ ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದಿದ್ದರೂ ಮಗಳ ಮುಖ ನೋಡಿ ಅರ್ಥಮಾಡಿಕೊಂಡಳು. ಅಲ್ಲಿ ಏನೋ ಒಂದು ತೂಗುತ್ತಿತ್ತು. ‘ಹೌದು, ಅವನಿಗೆ ಬೇಡ’ ಎಂದರೆ ಮುಗಿಯಿತು. ಶಿರಾಜಿನ ಆ ಹುಡುಗ ಯಾರೋ, ಎಂಥವನೋ. ಆದರೆ ಅವನೂ ಈ ಹೊತ್ತಿಗೆ ತನ್ನ ಮನೆಯವರ ಮುಂದೆ ಕುಣಿಯುತ್ತಿರಬೇಕು. ಅವನ ಅಜ್ಜಿಯೂ ಎಣಿಸುತ್ತಿರಬೇಕು.

"ಇಲ್ಲ ಪ್ರೊಫೆಸರ್," ಎಂದಳು ರಾಹೆಲೆ. "ಅವನಿಗೂ ಬೇಕು. ಅವನದೂ ಅದೇ."

ಈ ಸಲ ಆ ಕಡೆಯಿಂದ ಬಂದದ್ದು ನಗು. ಮೊದಲು ಸಣ್ಣದಾಗಿ, ಆಮೇಲೆ ಕುರ್ಚಿ ಕಿರುಗುಟ್ಟುವಷ್ಟು. "ಅಂತೂ ಎರಡು ಬೇಡ ಸೇರಿ ಎರಡು ಬೇಕು. ನನ್ನ ಹತ್ರ ಇರೋದು ಒಂದೇ ಜಾಗ." ನಗು ನಿಂತಿತು. "ಮೇಲಿನ ಮಹಡಿಯ ನನ್ನ ಗೆಳೆಯನೂ ಒಬ್ಬರನ್ನ ಹುಡುಕ್ತಿದಾನೆ. ಆ ಹುಡುಗನ ಅರ್ಜಿ ಅವನಿಗೆ ತೋರಿಸ್ತೀನಿ. ಏನಾಗುತ್ತೋ ಗೊತ್ತಿಲ್ಲ, ಮಾತು ಕೊಡಲ್ಲ. ಆದ್ರೆ ನಾನು ಮೊದಲು ಕೇಳಿದ್ದು ನಿಮ್ಮನ್ನ. ಈಗ್ಲೂ ಕೇಳ್ತೀನಿ, ಒಂದೇ ಸಲ. ನನಗೆ ಹೂವು ಹಣ್ಣು ಏನೂ ಬೇಡ, ಒಂದು ಮಾತು ಸಾಕು. ಜಾಗ ಬೇಕಾ?"

ಮದುವೆಯ ಪೀಠದ ಮೇಲೆ ಕೂತ ಹುಡುಗಿಯೂ ಈ ಊರಿನಲ್ಲಿ ಮೊದಲ ಸಲಕ್ಕೆ ಹೌದೆನ್ನುವುದಿಲ್ಲ. ಹೂ ಕೊಯ್ಯಲು ಹೋಗಿದ್ದಾಳೆ ಎಂದು ಗೆಳತಿಯರು ಕೂಗುತ್ತಾರೆ. ಎರಡನೇ ಸಲಕ್ಕೆ ಪನ್ನೀರು ತರಲು ಹೋಗಿದ್ದಾಳೆ ಎನ್ನುತ್ತಾರೆ. ಗಂಡನನ್ನೇ ಕಾಯಿಸಿದ ನಾಲಗೆಗಳು ಇವು. ರಾಹೆಲೆಯ ತಾಯಿಯ ನಾಲಗೆ, ಅಜ್ಜಿಯ ನಾಲಗೆ, ಮುತ್ತಜ್ಜಿಯ ನಾಲಗೆ, ಎಲ್ಲವೂ ಅವಳ ಬಾಯಲ್ಲಿ ಒಟ್ಟಿಗೆ ಎದ್ದು ನಿಂತು ‘ಅಯ್ಯೋ’ ಎನ್ನಲು ಸಜ್ಜಾದವು. ಅವಳು ಕಣ್ಣು ಮುಚ್ಚಿ, ಅಂಗಡಿಯ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಕು," ಎಂದಳು. ಅಷ್ಟು ಜೋರಾಗಿ ಬಂತೆಂದರೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತನ್ನನ್ನೇ ಕರೆದರೇನೋ ಎಂದು ತಿರುಗಿ ನೋಡಿದ.

"ಒಳ್ಳೇದು. ಐದರೊಳಗೆ ಅದನ್ನ ಬರೆದು ಕಳ್ಸಿ. ಮತ್ತೆ ರಾಹೆಲೆ, ಆ ಬ್ಯಾಟರಿ ಇಲ್ಲಿಗೆ ತರೋದು ಬೇಡ. ಇಲ್ಲಿ ಕರೆಂಟಿದೆ."

ಫೋನು ಇಟ್ಟಳು. ಬೀಬಿ ಮೊಮ್ಮಗಳ ಎರಡೂ ಕೆನ್ನೆ ಹಿಡಿದು, "ಏನಂದ್ಲು, ಏನಂದ್ಲು?" ಎಂದು ಅಲುಗಾಡಿಸುತ್ತಿದ್ದಳು. ಆಗಾ ಜಲೀಲ್ ಅಷ್ಟರಲ್ಲೇ ತಟ್ಟೆ ತುಂಬ ಮಿಠಾಯಿ ಹಿಡಿದು ಬೀದಿಗಿಳಿದಿದ್ದ. ತಿರುಗಿ ನೋಡಿದ ದಾರಿಹೋಕನಿಗೇ ಮೊದಲ ತುಂಡು ಸಿಕ್ಕಿತು. ಅವನು "ಅಯ್ಯೋ ಬೇಡ, ಬೇಡ" ಎನ್ನುತ್ತ ಹಿಂದೆ ಸರಿದ. ಆಗಾ ಜಲೀಲ್ ಎರಡನೇ ಸಲ ಕೇಳುವ ಗೋಜಿಗೆ ಹೋಗದೆ ಅವನ ಬಾಯಿಗೇ ತುರುಕಿದ.

ರಾಹೆಲೆ ಮೇಜಿನ ಮುಂದೆ ಕೂತು, ಬರೆದಿದ್ದ ಇಡೀ ಪುಟವನ್ನು ಅಳಿಸಿದಳು. ಖಾಲಿ ಪರದೆಯ ಮೇಲೆ ಬರೆದಳು: ‘ಜಾಗ ಬೇಕು. ಬರುತ್ತೇನೆ. ರಾಹೆಲೆ.’

ಸೆದ್ದೀಗೆ ಖಾನುಮ್ ಹೆಗಲ ಮೇಲಿನಿಂದ ಬಗ್ಗಿ ನೋಡಿದಳು. ಇಂಗ್ಲಿಷ್ ಅಕ್ಷರ ಓದಲು ಬಾರದಿದ್ದರೂ ಅಳತೆ ಗೊತ್ತಾಗುತ್ತಿತ್ತು.

"ಇಷ್ಟೇನಾ? ಒಂದು ಕುಶಲ ಇಲ್ಲ, ಒಂದು ಕ್ಷೇಮ ಇಲ್ಲ. ಜನ ಏನಂದ್ಕೋತಾರೆ ಕಣೇ, ಕೊನೇ ಪಕ್ಷ ಒಂದು ಸಾಲು..."

ಅಮ್ಮನ ಮಾತು ಮುಗಿಯುವಷ್ಟರಲ್ಲಿ ಅವಳು ಕಳಿಸಿಯಾಗಿತ್ತು.