ಎರಡು ಕಣ್ಣಿನ ಎರಡು ಬಿಳಿ

ಬುರುಲ್ ಮುದುಕಿಯ ಎಡಗಣ್ಣಿಗೂ ಬಲಗಣ್ಣಿಗೂ ಜಗಳ ಹತ್ತಿದ್ದು ಒಂದು ಬಟ್ಟೆಯ ದೆಸೆಯಿಂದ. ಸೊಸೆ ಜಿಪಾರ್‌ಳ ತಲೆಗೆ ಕಟ್ಟಬೇಕಾದ ಬಿಳಿ ವಸ್ತ್ರ ಅದು. ಎಡಗಣ್ಣು ಅದನ್ನು ಹಳದಿ ಎನ್ನುತ್ತಿತ್ತು, ಬಲಗಣ್ಣು ನೀಲಿ ಎನ್ನುತ್ತಿತ್ತು, ಎರಡನ್ನೂ ಒಟ್ಟಿಗೆ ತೆರೆದರೆ ಮುದುಕಿಗೆ ತಲೆಯೇ ಕೆಟ್ಟುಹೋಗುತ್ತಿತ್ತು.

ಹಳದಿಯಾದರೆ ಹೇಗೋ ಸಹಿಸಬಹುದಿತ್ತು, ನೀಲಿ ಮಾತ್ರ ಸಾಧ್ಯವೇ ಇಲ್ಲ. ಅವರ ಊರು ಆತ್‌ಬಾಶಿಯಲ್ಲಿ ಗಂಡ ಸತ್ತವಳು ಉಡುವುದೇ ನೀಲಿ, ತಲೆಗೆ ಕಟ್ಟುವುದು ಕಪ್ಪು. ವರ್ಷ ತುಂಬಿದ ಮೇಲೆ ಕುದುರೆ ಕಡಿದು, ನೆಂಟರಿಷ್ಟರಿಗೆಲ್ಲ ಊಟ ಹಾಕುವ ದಿನ, ಗಂಡನ ತಾಯಿ ತನ್ನ ಕೈಯಾರೆ ಆ ಕಪ್ಪು ಬಿಚ್ಚಿ ಬಿಳಿ ಕಟ್ಟಬೇಕು. ಆಮೇಲೆ ಹುಡುಗಿ ತವರಿಗೆ ಹೋಗಬಹುದು, ಇನ್ನೊಬ್ಬನ ಕೈ ಹಿಡಿಯಬಹುದು, ಯಾರೂ ತುಟಿಪಿಟಕ್ಕೆನ್ನುವಂತಿಲ್ಲ. ಬುರುಲ್‌ಳ ಒಬ್ಬನೇ ಮಗ, ಜಿಪಾರ್‌ಳ ಗಂಡ ಕುಬಾನ್, ಕಣಿವೆಯ ದಾರಿಯಲ್ಲಿ ಲಾರಿ ಮಗುಚಿ ಸತ್ತು ವರ್ಷ ದಾಟಿತ್ತು. ಮುದುಕಿಯ ಮೈದುನ ಅಶೀರ್ ಕುದುರೆಯನ್ನೂ ಗೊತ್ತುಮಾಡಿಟ್ಟಿದ್ದ. ಬಾಕಿ ಉಳಿದದ್ದು ಬಿಳಿ ಬಟ್ಟೆಯೊಂದೇ. ಸಂತೆಯಿಂದ ತಂದದ್ದನ್ನೆಲ್ಲ ಮುದುಕಿ ಒಂದಲ್ಲ ಒಂದು ಕಣ್ಣಿನ ಮಾತು ಕೇಳಿ ವಾಪಸು ಕಳಿಸುತ್ತಿದ್ದಳು.

ಹಾಗಂತ ಬಿಳಿ ಯಾವುದೆಂದು ತಿಳಿಯದ ಹೆಂಗಸಲ್ಲ ಅವಳು. ಕಲ್ಪಾಕ್ ಎಂಬ ಬಿಳಿ ಉಣ್ಣೆಯ ಟೋಪಿ ಮಾಡುವುದರಲ್ಲೇ ಕೂದಲು ಹಣ್ಣಾದವಳು. ಕುರಿಯ ಕುತ್ತಿಗೆಯ ಉಣ್ಣೆ ಯಾವುದು, ಹೊಟ್ಟೆಯ ಉಣ್ಣೆ ಯಾವುದು ಎಂದು ಒಂದು ಎಳೆ ನೋಡಿ ಹೇಳುತ್ತಿದ್ದಳು. ಕಣ್ಣಿಗೆ ಪೊರೆ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ, ಅಷ್ಟು ಮೆಲ್ಲಗೆ ಬಂತು. ರಾಜಧಾನಿಗೆ ಹೋಗಿ ಎಡಗಣ್ಣಿಗೆ ಲೆನ್ಸ್ ಹಾಕಿಸಿಕೊಂಡು ಬಂದ ದಿನ ಅಂಗಳದಲ್ಲಿ ಎದುರಾದವನು ಅಶೀರ್.

"ಏನೋ ಇದು, ನಿನ್ನ ಟೋಪಿ ಮೇಲೆ ಕುದುರೆ ಉಚ್ಚೆ ಹೊಯ್ದಿದೆಯಾ?"

"ನೀವೇ ಮಾಡಿಕೊಟ್ಟಿದ್ದು ಅತ್ತಿಗೆ."

ಅವನೊಬ್ಬನದೇ ಅಲ್ಲ. ಬೀದಿಯಲ್ಲಿ ಹೋಗುವ ಗಂಡಸರ ತಲೆ ಮೇಲೆಲ್ಲ ಹಳದಿ ಟೋಪಿ. ವರ್ಷಗಟ್ಟಲೆ ಅವಳು ಕೊಳೆ ಉಣ್ಣೆಯನ್ನು ಹಾಲಿನಂಥ ಬಿಳಿ ಎಂದು ಹೊಗಳಿ ಹೊಗಳಿ ತಲೆಗಿಟ್ಟು ಕಳಿಸಿದ್ದಳು. ಅವರು ಬಾಯಿಮುಚ್ಚಿಕೊಂಡು ಮದುವೆಗೂ ಮಸೀದಿಗೂ ಅದನ್ನೇ ಹಾಕಿಕೊಂಡು ಹೋಗಿದ್ದರು.

"ಒಂದು ಮಾತು ಹೇಳೋಕೆ ನಿಂಗೇನೋ ಧಾಡಿ?"

"ಹಿರೀರಿಗೆ ಹೆಂಗೆ ಹೇಳೋದು ಅತ್ತಿಗೆ, ನಿಮ್ಮ ಬಿಳಿ ಬಿಳಿಯಲ್ಲ ಅಂತ?"

ಮರ್ಯಾದೆಯೆಂದರೆ ಇದು. ಇಡೀ ಊರು ಸೇರಿ ಒಬ್ಬ ಮುದುಕಿಯ ಮಾನ ಉಳಿಸಲು ಹೋಗಿ ಅವಳ ಮಾನ ಕಳೆದಿತ್ತು.

ಬಲಗಣ್ಣಿಗೆ ಲೆನ್ಸ್ ಬಿದ್ದದ್ದು ಕುಬಾನ್ ಹೋದ ಮೇಲೆ, ನಾರಿನ್ ಪಟ್ಟಣದ ಕಣ್ಣಿನ ಶಿಬಿರದಲ್ಲಿ. ಕರೆದುಕೊಂಡು ಹೋದವಳು ಜಿಪಾರ್. ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆಯ ರೆಪ್ಪೆ ಬಿಡಿಸಿ ಕಣ್ಣಿಗೆ ಹನಿ ಹಾಕುವವಳೂ ಅವಳೇ. ಆದರೆ ಪಟ್ಟಿ ಬಿಚ್ಚಿದ ದಿನವೇ ಬುರುಲ್ ಬೆಚ್ಚಿಬಿದ್ದಳು. ಹಿಮಕ್ಕೆ ಯಾರೋ ನೀಲಿ ಜಾಸ್ತಿ ಹಾಕಿ ಒಗೆದಂತಿತ್ತು. ಬಲಗಣ್ಣು ಮುಚ್ಚಿದರೆ ಅದೇ ಹಿಮ ಬೆಣ್ಣೆ. ಕೊನೆಗೆ ಅತ್ತೆ ಸೊಸೆ ಇಬ್ಬರೂ ಮತ್ತೆ ನಾರಿನ್‌ಗೆ ಹೋಗಿ ಡಾಕ್ಟರ್ ಚೊಲ್ಪೋನ್ ಎದುರು ಕೂತರು.

"ನಿಮ್ಮ ಎಡಗಣ್ಣಲ್ಲಿರೋದು ಮೆತ್ತನೆ ಲೆನ್ಸ್ ಅಜ್ಜಿ," ಎಂದಳು ಡಾಕ್ಟರ್. "ಮಡಚಿ ಸಣ್ಣ ಗಾಯದಲ್ಲೇ ಒಳಗೆ ಬಿಟ್ರೆ ತಾನೇ ಬಿಚ್ಕೊಳುತ್ತೆ. ನೀಲಿ ಬೆಳಕು ಜಾಸ್ತಿ ಹೋಗ್ದೆ ಇರ್ಲಿ ಅಂತ ಅದಕ್ಕೆ ಒಂಚೂರು ಹಳದಿ ಬೆರೆಸಿರ್ತಾರೆ. ಬಲಗಣ್ಣಿಂದು ಗಟ್ಟಿ ಪ್ಲಾಸ್ಟಿಕ್ಕು. ಮಡಚೋಕಾಗಲ್ಲ, ಬಣ್ಣಾನೂ ಇಲ್ಲ, ನೀಲಿ ಅದರಲ್ಲಿ ಹಂಗೇ ದಾಟ್ಕೊಂಡು ಹೋಗುತ್ತೆ. ಎರಡೂ ಒಳ್ಳೇವೇ. ನೀವಿರೋವರೆಗೂ ಕೆಡಲ್ಲ."

"ಅದು ಸರಿ. ಸುಳ್ಳು ಹೇಳ್ತಿರೋದು ಯಾವ್ದು?"

"ಯಾವುದೂ ಇಲ್ಲ."

"ಒಬ್ಬ ಹಳದಿ ಅಂತಾನೆ, ಒಬ್ಬ ನೀಲಿ ಅಂತಾನೆ. ಇಬ್ರೂ ಸತ್ಯವಂತರಾ? ಎಂಥ ಪಂಚಾಯ್ತಿ ತಾಯಿ ಇದು?"

ಡಾಕ್ಟರ್ ನಕ್ಕಳು. "ದೇವ್ರು ಕೊಟ್ಟ ಲೆನ್ಸೂ ವಯಸ್ಸಾಗ್ತಾ ಹಳದಿಗೆ ತಿರುಗುತ್ತೆ. ಮದುವೆ ದಿನ ನೀವು ನೋಡಿದ ಬಿಳೀನೇ ಬೇರೆ, ಮಗ ಹುಟ್ಟಿದಾಗ ನೋಡಿದ್ದೇ ಬೇರೆ. ಆಗ ನಿಮಗೆ ಗೊತ್ತಾಗಿಲ್ಲ, ಅಷ್ಟೆ."

ಬುರುಲ್ ಡಾಕ್ಟರ್ ತೊಟ್ಟ ಬಿಳಿ ಕೋಟನ್ನೇ ದಿಟ್ಟಿಸಿದಳು. ಹಾಗಾದರೆ ತಾನು ಜೀವಮಾನವೆಲ್ಲ ನೋಡಿದ ಬಿಳಿ ಎಂಬುದು ಯಾವುದು?

"ಒಂದನ್ನ ಕಿತ್ತು ಇನ್ನೊಂದರ ಜೋಡಿ ಹಾಕ್ಬಿಡು ಮತ್ತೆ."

"ಅದೇನು ಚಹಾ ಪಾತ್ರೆ ಮುಚ್ಚಳಾನಾ ಅಜ್ಜಿ? ಒಂದಷ್ಟು ತಿಂಗಳು ಹೋಗ್ಲಿ, ತಾನಾಗೇ ಒಗ್ಗುತ್ತೆ."

ಒಂದಷ್ಟು ತಿಂಗಳು ಎಂದದ್ದೇ ತಡ, ಮುದುಕಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ತನ್ನ ಮೇಲೆಯೇ ಅಸಹ್ಯವೂ ಆಯಿತು. ವ್ಯಾನಿನಲ್ಲಿ ಬರುವಾಗ ಪಕ್ಕದಲ್ಲಿ ತೂಕಡಿಸುತ್ತಿದ್ದ ಸೊಸೆಯನ್ನು ಒಂದೊಂದೇ ಕಣ್ಣಿನಿಂದ ನೋಡಿದಳು. ಅವಳ ತಲೆಯ ಕಪ್ಪು ವಸ್ತ್ರ ಮಾತ್ರ ಎರಡೂ ಕಣ್ಣಿಗೆ ಕಪ್ಪೇ. ತನಗೆ ನಿಜವಾಗಿ ಬಿಳಿ ಕಾಣಿಸುತ್ತಿಲ್ಲವೋ, ಕಾಣಿಸುವುದು ಬೇಡವಾಗಿದೆಯೋ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಅಶೀರ್ ಮಾತ್ರ ಬಿಡಲಿಲ್ಲ. "ಅತ್ತಿಗೆ, ನಿಮ್ಮ ಬಿಳಿ ಸಿಗೋ ಹೊತ್ತಿಗೆ ನನ್ನ ಕುದುರೆ ಹಲ್ಲೆಲ್ಲ ಉದುರಿರುತ್ತೆ. ಆಮೇಲೆ ನೆಂಟರಿಗೆ ಹಾಕೋಕೆ ಬರೀ ಮೂಳೆ," ಎಂದು ಗೊಣಗಿ, ಚಳಿ ಶುರುವಾಗುವ ಮುಂಚೆ ತಾನೇ ದಿನ ಗೊತ್ತುಮಾಡಿಬಿಟ್ಟ.

ಆ ದಿನ ಅಂಗಳದಲ್ಲಿ ಹಾಕಿದ್ದ ಗುಡಾರದ ತುಂಬ ಹೆಂಗಸರು. ಹೊರಗೆ ಹಂಡೆಗಳಲ್ಲಿ ಮಾಂಸ ಬೇಯುತ್ತಿತ್ತು. ಜಿಪಾರ್ ರೂಢಿಯಂತೆ ಗುಡಾರದ ಗೋಡೆಯ ಕಡೆ ಮುಖ ಮಾಡಿ ಗಂಡನ ಹೆಸರೆತ್ತಿ ಹಾಡಿ ಹಾಡಿ ಅತ್ತು ಸುಸ್ತಾಗಿ ಈಗ ಇತ್ತ ತಿರುಗಿ ಕೂತಿದ್ದಳು. ಯಾರೋ ತಟ್ಟೆಯಲ್ಲಿ ಹೊಸ ವಸ್ತ್ರ ತಂದಿಟ್ಟರು. ಬುರುಲ್ ಅದನ್ನೆತ್ತಿ ಬೆಳಕಿಗೆ ಹಿಡಿದಳು. ಎಡಗಣ್ಣು ಮುಚ್ಚಿದಳು, ನೀಲಿ. ಬಲಗಣ್ಣು ಮುಚ್ಚಿದಳು, ಹಳದಿ. ಹೆಂಗಸರು ಮುಖ ಮುಖ ನೋಡಿಕೊಂಡರು.

ಮುದುಕಿ ಸೊಸೆಯ ಕಿವಿಯ ಹತ್ತಿರ ಬಾಗಿದಳು. "ನಿನ್ನ ಕಣ್ಣು ದೇವ್ರು ಕೊಟ್ಟಿದ್ದು. ಯಾರೂ ಏನೂ ತುರುಕಿಲ್ಲ. ನೀನೇ ಹೇಳು, ಇದು ಬಿಳೀನಾ?"

ಜಿಪಾರ್ ವಸ್ತ್ರವನ್ನು ನೋಡಿದಳು, ಅತ್ತೆಯ ಮುಖವನ್ನು ನೋಡಿದಳು.

"ನೀಲಿ ಇದೆ ಅತ್ತೆ. ಬೇಡ ಬಿಡಿ. ಮುಂದಿನ ವರ್ಷ ನೋಡೋಣ."

ಈ ಹುಡುಗಿಯ ಕಣ್ಣಲ್ಲಿ ಪ್ಲಾಸ್ಟಿಕ್ಕಿಲ್ಲ. ಅವಳಿಗೆ ನೀಲಿ ಕಾಣುವುದು ಹೇಗೆ?

"ಯಾಕೇ ಸುಳ್ಳು ಹೇಳ್ತೀಯ?"

"ಬೆಳಿಗ್ಗೆ ನಿಮ್ಮ ಕಣ್ಣಿಗೆ ಹನಿ ಬಿಡೋರು ಯಾರು ಅತ್ತೆ?"

ಇಷ್ಟು ದಿನ ಬುರುಲ್ ಕಾದದ್ದು ಈ ಮಾತಿಗೇ ಇರಬೇಕು. ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಇನ್ನೊಂದು ವರ್ಷ ಮನೆಯಲ್ಲಿ ಎರಡು ಬಟ್ಟಲು ಚಹಾ ಆಗುತ್ತಿತ್ತು. ಅವಳು ಕೈಚಾಚಿ ಸೊಸೆಯ ಕಪ್ಪು ವಸ್ತ್ರ ಬಿಚ್ಚಿದಳು. ಒಳಗೆ, ಹಣೆಯ ಅಂಚಿನಲ್ಲಿ, ಒಂದು ಹಿಡಿ ಕೂದಲು ನರೆತಿತ್ತು. ಮೂವತ್ತು ತುಂಬದ ಹುಡುಗಿ. ಮುದುಕಿ ಆಗ ಯಾವ ಕಣ್ಣನ್ನೂ ಮುಚ್ಚಿ ನೋಡಲಿಲ್ಲ.

"ಇದು ಬಿಳಿಯೋ ನೀಲಿಯೋ ನಂಗಂತೂ ಗೊತ್ತಾಗ್ತಿಲ್ಲ ಕಣೇ," ಎಂದು ಹೊಸ ವಸ್ತ್ರವನ್ನು ಆ ತಲೆಗೆ ಸುತ್ತಿದಳು. ಗಂಟು ಜಾರಿತು. ಮತ್ತೆ ಬಿಗಿದಳು. "ನಿಂಗಿನ್ನೂ ವಯಸ್ಸಿದೆ, ಅದು ಗೊತ್ತು. ಹನಿ ನಾನೇ ಬಿಟ್ಕೊಳ್ತೀನಿ. ಅರ್ಧ ಕೆನ್ನೆ ಮೇಲೆ ಬಿದ್ರೆ ಬೀಳ್ಲಿ."