ಶನಿವಾರದ ಜಮಾದಾರ

ಒಂದು ಸಂತೆಯ ದಿನ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನಮ್ಮ ಶಾಲೆಯ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ತಾಯಿಯ ಕೈಬಿಟ್ಟು ತಪ್ಪಿಸಿಕೊಂಡಳು. ಇಬ್ಬರು ಪೊಲೀಸರು ಅವಳ ಹೆಸರು ಕೂಗುತ್ತ ಹುಡುಕಾಡಿದರು. ಅವರು ಹತ್ತಿರ ಬಂದಷ್ಟೂ ಅವಳು ಕಿರಾಣಿ ಅಂಗಡಿಯ ಎಣ್ಣೆ ಡಬ್ಬಿಗಳ ಹಿಂದೆ ಇನ್ನೂ ಒಳಗೆ ಸರಿದು ಕೂತಳು. ಸಂಜೆ ಅಂಗಡಿಯವನು ಡಬ್ಬಿ ಎತ್ತಿಡಲು ಹೋದಾಗಲೇ ಸಿಕ್ಕಿದ್ದು. ಯಾಕೆ ಅಡಗಿದ್ದೆ ಎಂದು ಠಾಣೆಯ ಫೌಜದಾರರು ಕೇಳಿದ್ದಕ್ಕೆ, "ಪೊಲೀಸ್ರು ಹುಡುಕಾಕತ್ತಿದ್ರಲ್ರಿ, ಅದಕ್ಕ" ಎಂದಳಂತೆ.

ಸಬ್ ಇನ್‌ಸ್ಪೆಕ್ಟರನ್ನು ನಮ್ಮ ಕಡೆ ಫೌಜದಾರ ಅನ್ನುವುದು ರೂಢಿ. ಈ ಫೌಜದಾರರಿಗೂ ಮನೆಯಲ್ಲಿ ಸಣ್ಣ ಹೆಣ್ಣುಮಕ್ಕಳಿದ್ದರು. ಹುಡುಗಿಯ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತು. ಮರುದಿನವೇ ಮೋಟಾರ್ ಸೈಕಲ್ ಮೇಲೆ ನಮ್ಮ ಶಾಲೆಗೆ ಬಂದರು.

ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ಹುಮನಾಬಾದಿನಿಂದ ಸ್ವಲ್ಪ ದೂರ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ಒಂದು ಹಂಚಿನ ಶಾಲೆಯಲ್ಲಿ ನಾನು ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೆ. ನನ್ನದು ಬಸವಕಲ್ಯಾಣ. ಹುಮನಾಬಾದಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಫೌಜದಾರರು ಕುರ್ಚಿಯಲ್ಲಿ ಕೂಡಲೂ ಇಲ್ಲ.

"ಮಾಸ್ತರ್ರ, ನಮ್ಮವನೊಬ್ಬನ್ನ ಪ್ರತಿ ಶನಿವಾರ ಮುಂಜಾನಿ ನಿಮ್ಮ ಸಾಲಿಗೆ ಕಳಿಸ್ತೇನಿ. ಸಣ್ಣ ಮಕ್ಕಳ ಕೂಡ ಕೂಡ್ಲಿ, ಮಾತಾಡ್ಲಿ. ಪೊಲೀಸ ಅಂದ್ರ ಏನಂತ ಅವಕ್ಕ ತಿಳೀಲಿ."

ನಮ್ಮ ಹೆಡ್ ಮಾಸ್ತರರ ಮುಖ ಸಣ್ಣದಾಯಿತು. "ಸಾಲಿಗೆ ಪೊಲೀಸ ಬಂದ್ರ ಊರಾಗ ಮಂದಿ ಏನ ತಿಳಕೊಂಡಾರ್ರಿ ಸಾಹೇಬ್ರ? ಏನೋ ಕೇಸ್ ಆಗ್ಯಾದ ಅಂತಾರ."

"ಅನ್ಲಿ ಬಿಡ್ರಿ. ಎರಡು ವಾರ ಅಂದು ಸುಮ್ಮನಾಗ್ತಾರ."

ನನಗೆ ಮಾತ್ರ ಒಳಗೊಳಗೇ ಕುತೂಹಲ. ಪೊಲೀಸರನ್ನು ಹತ್ತಿರದಿಂದ ನಾನೂ ನೋಡಿರಲಿಲ್ಲ. ರಾಜ್ಯ ಒಂದಾದ ವರ್ಷ ನಾನಿನ್ನೂ ಫ್ರಾಕು ಹಾಕುವ ವಯಸ್ಸಿನವಳು. ಬಸವಕಲ್ಯಾಣದ ನಮ್ಮ ಶಾಲೆಯಲ್ಲಿ ಪೇಡೆ ಹಂಚಿದ್ದರು. ಗೇಟಿನ ಬಳಿ ಒಬ್ಬ ಪೊಲೀಸ ನಿಂತಿದ್ದಾನೆಂದು ನಾವು ಹುಡುಗಿಯರೆಲ್ಲ ಪೇಡೆ ಮುಷ್ಟಿಯಲ್ಲಿ ಹಿಡಿದು ಹಿಂದಿನ ಗೋಡೆ ಹಾರಿ ಮನೆಗೆ ಹೋಗಿದ್ದೆವು. ನಮ್ಮಮ್ಮ ಊಟ ಮಾಡಿಸುವಾಗ ಕರೆಯುತ್ತಿದ್ದದ್ದು ಗುಮ್ಮನನ್ನಲ್ಲ, ಪೊಲೀಸನನ್ನು. ಆ ಪೊಲೀಸ ಈಗ ನನ್ನ ತರಗತಿಗೇ ಬಂದು ಏನು ಮಾಡುತ್ತಾನೆ? ಕೋಲು ತರುತ್ತಾನೆಯೇ? ನನ್ನ ಕುರ್ಚಿಯಲ್ಲಿ ಕೂಡುತ್ತಾನೆಯೇ?

ಬಂದವನು ನಡುವಯಸ್ಸಿನ ಎತ್ತರದ ಆಳು. ದಪ್ಪ ಮೀಸೆ, ಒಂದು ಬದಿಗೆ ಮಡಿಚಿದ ಟೊಪ್ಪಿಗೆ, ಖಾಕಿ ಅಂಗಿ, ಗಂಜಿ ಹಾಕಿ ಗರಿಗರಿ ಮಾಡಿದ ಖಾಕಿ ಚಡ್ಡಿ. ಸಾದಾ ಕಾನ್‌ಸ್ಟೇಬಲ್. ಆದರೆ ಊರವರಿಗೆ ಖಾಕಿ ಹಾಕಿದವರೆಲ್ಲ ಜಮಾದಾರರೇ. ಅವನು ಬಾಗಿಲಲ್ಲಿ ಕಾಲಿಟ್ಟ, ಕಿಟಕಿ ಪಕ್ಕದ ಹುಡುಗರು ಕಿಟಕಿಯಿಂದ ಹಾರಿದರು. ಉಳಿದವರು ನನ್ನ ಸೀರೆಯ ಹಿಂದೆ ಬಂದು ನಿಂತರು. ಒಬ್ಬ ನಿಂತಲ್ಲೇ ಒದ್ದೆ ಮಾಡಿಕೊಂಡ. ಜಮಾದಾರ ಬಾಗಿಲಲ್ಲೇ ನಿಂತ. ಅವನ ಹಣೆಯ ಮೇಲೆ ಬೆವರು.

"ಅಕ್ಕೋರ, ನಾ ಏನ ಮಾಡ್ಲಿರಿ ಈಗ?"

"ಕೂಡ್ರಿ" ಎಂದೆ. ನನಗೂ ಬೇರೆ ಏನೂ ತೋಚಲಿಲ್ಲ.

ಅವನು ಕುರ್ಚಿಯನ್ನು ನೋಡಿದ, ಆಮೇಲೆ ಮಕ್ಕಳು ಬಿಟ್ಟುಹೋದ ಗೋಣಿತಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೆದ್ದಾರಿಯ ಲಾರಿಗಳ ಸದ್ದು ಮಾತ್ರ. ಕಡೆಗೆ ನನ್ನ ಸೀರೆಯ ಹಿಂದಿನಿಂದ ಒಂದು ಸಣ್ಣ ದನಿ ಬಂತು. ಬಸ್ ನಿಲ್ದಾಣದಲ್ಲಿ ಅಡಗಿ ಕೂತಿದ್ದ ಹುಡುಗಿಯೇ.

"ನೀವು ದೊಡ್ಡಾವ್ರಿದ್ದೀರಿ. ಮತ್ತ ಚಡ್ಡಿ ಯಾಕ ಹಾಕ್ಕೊಂಡೀರಿ?"

ಜಮಾದಾರ ತನ್ನ ಚಡ್ಡಿಯನ್ನು ಮೊದಲ ಸಲ ಕಂಡವನ ಹಾಗೆ ನೋಡಿಕೊಂಡ.

"ಸರಕಾರ ಇದನ್ನ ಕೊಟ್ಟದವ್ವಾ. ಪ್ಯಾಂಟ್ ಕೊಟ್ಟಿದ್ರ ಪ್ಯಾಂಟ್ ಹಾಕ್ಕೊಂತಿದ್ದೆ."

"ಥಂಡಿ ಆಗಂಗಿಲ್ಲೇನ್ರಿ?"

"ಆಗ್ತದ. ಭಾಳ ಆಗ್ತದ."

ಯಾರೋ ಕಿಸಕ್ಕೆಂದರು. ಕಿಟಕಿಯಿಂದ ಹಾರಿದ್ದವರ ತಲೆಗಳು ಕಿಟಕಿಯಲ್ಲೇ ಮತ್ತೆ ಮೂಡಿದವು. ಆ ದಿನ ಪಾಠ ಆಗಲಿಲ್ಲ. ಅವನು ಮಲಗುವಾಗಲೂ ಟೊಪ್ಪಿಗೆ ಹಾಕಿಕೊಳ್ಳುತ್ತಾನೆಯೇ, ಅವನಿಗೆ ಅವ್ವ ಇದ್ದಾಳೆಯೇ, ಅವನು ಯಾರಿಗೆ ಹೆದರುತ್ತಾನೆ ಎಂದೆಲ್ಲ ಕೇಳಿದರು. "ಫೌಜದಾರ ಸಾಹೇಬ್ರಿಗೆ ಹೆದರ್ತೀನಿ, ನನ್ನ ಹೇಂತಿಗೆ ಹೆದರ್ತೀನಿ, ಹಾವಿಗೆ ಹೆದರ್ತೀನಿ" ಎಂದ. ಮಕ್ಕಳು ಆ ಉತ್ತರವನ್ನು ವಾರವಿಡೀ ಅಂಗಳದಲ್ಲಿ ಹೇಳಿಕೊಂಡು ಕುಣಿದರು.

ಹೀಗೆ ಶನಿವಾರಗಳು ನಡೆದವು. ಹೆದ್ದಾರಿಯನ್ನು ಹೇಗೆ ದಾಟಬೇಕೆಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ತೋರಿಸಿದ. ಅರ್ಧ ಮಕ್ಕಳು ಲಾರಿಗಳಾದರು, ಅರ್ಧ ಮಕ್ಕಳು ಎಮ್ಮೆ ಹೊಡೆದುಕೊಂಡು ದಾಟುವವರಾದರು. ಸೀಟಿ ಊದಲು ಎಲ್ಲರಿಗೂ ಒಂದೊಂದು ಸಲ ಕೊಟ್ಟ. ತಪ್ಪಿಸಿಕೊಂಡರೆ ಓಡಬಾರದು, ನಿಂತಲ್ಲೇ ನಿಲ್ಲಬೇಕು, ಅಪ್ಪನ ಹೆಸರು, ಊರಿನ ಹೆಸರು ಬಾಯಿಪಾಠ ಇರಬೇಕು ಎಂದ. ಅಪ್ಪನ ಹೆಸರೇ ಗೊತ್ತಿಲ್ಲದ ಮಕ್ಕಳಿದ್ದರು. ಅಪ್ಪ ಎಂದೇ ಅವರಿಗೆ ಗೊತ್ತು. ಮನೆಗೆ ಹೋಗಿ ಕೇಳಿಕೊಂಡು ಬರಲು ಹೇಳಿದರೆ, ಗಂಡನ ಹೆಸರು ಹೇಳಲು ನಾಚಿದ ತಾಯಂದಿರು ಪಕ್ಕದ ಮನೆಯವರಿಂದ ಹೇಳಿಸಿ ಕಳಿಸಿದರು.

ಆದರೆ ನಾವು ಯಾರೂ ಎಣಿಸದ ಒಂದು ಸಂಗತಿ ಶುರುವಾಯಿತು. ಹೆದರಿಕೆ ಹೋದ ಮಕ್ಕಳು ಅವನಿಗೆ ಎಲ್ಲವನ್ನೂ ಹೇಳತೊಡಗಿದರು. ಬಳಪ ಕದ್ದವರು ಯಾರು ಎಂಬಲ್ಲಿಂದ ಮೊದಲಾಗಿ, ಯಾರ ಕಾಕಾ ಇಸ್ಪೀಟು ಆಡುತ್ತಾನೆ, ಯಾರ ಎತ್ತು ಯಾರ ಜೋಳ ಮೇಯಿತು, ಯಾರ ಅಪ್ಪ ಯಾರ ಅವ್ವನನ್ನು ಹೊಡೆದ ಎಂಬಲ್ಲಿಯವರೆಗೆ. ಅವನ ಸುತ್ತ ಕೂತು ಪೈಪೋಟಿಯಲ್ಲಿ ಹೇಳುತ್ತಿದ್ದರು. ಅವನು ತಲೆ ಕೆರೆದುಕೊಳ್ಳುತ್ತಿದ್ದ. ಊರಲ್ಲಿ ಗುಸುಗುಸು ಎದ್ದಿತು. ಮಕ್ಕಳ ಬಾಯಿಂದ ಮನೆ ಸುದ್ದಿ ತೆಗೆಯಲಿಕ್ಕೇ ಪೊಲೀಸರು ಈ ಉಪಾಯ ಹೂಡಿದ್ದಾರೆ ಎಂದು ಕೆಲವರು ಹೆಡ್ ಮಾಸ್ತರರ ಮನೆ ಮುಂದೆ ಬಂದು ಕೂತರು. ಮಾಸ್ತರರು ಜಮಾದಾರನನ್ನು ಕರೆದು ನೇರವಾಗಿಯೇ ಕೇಳಿದರು.

"ಖರೇ ಹೇಳ್ರಿ. ಇಲ್ಲಿ ಕೇಳಿದ್ದು ಠಾಣಾದಾಗ ಹೇಳ್ತೀರೇನ್ರಿ?"

"ಇಲ್ರಿ ಮಾಸ್ತರ್ರ. ಆದ್ರ ನಾಳಿ ಯಾವುದಾದ್ರೂ ದೊಡ್ಡ ಮಾತು ಹೇಳಿದ್ರ ನಾ ಏನ ಮಾಡ್ಬೇಕಂತ ನನಗೂ ತಿಳೀವಲ್ದು. ಕಿವಿ ಮುಚ್ಚಿಕೊಳ್ಳಾಕ ಆಗ್ತದೇನ್ರಿ?"

ಆ ದೊಡ್ಡ ಮಾತು ಮುಂದಿನ ಶನಿವಾರವೇ ಬಂತು. ಎಲ್ಲರೂ ಅಂಗಳಕ್ಕೆ ಓಡಿದ ಮೇಲೆ ಬಸ್ ನಿಲ್ದಾಣದ ಆ ಹುಡುಗಿ ಒಬ್ಬಳೇ ಉಳಿದಳು. ನಾನು ಬಟ್ಟೆಯಿಂದ ಗೋಡೆಯ ಕರಿ ಫಳಿ ಒರೆಸುತ್ತಿದ್ದೆ. ಅವಳು ಜಮಾದಾರನ ಎದುರು ಕೂತು, ಲೆಕ್ಕದ ಪ್ರಶ್ನೆ ಕೇಳುವ ಹಾಗೆ ಕೇಳಿದಳು:

"ಒಬ್ರ ಮನಿಯಾಗ ದಾರೂ ಕಾಸೋ ಭಟ್ಟಿ ಇರ್ತದ. ಅದರಿಂದ ಕೂಸಿನ ಕೈ ಸುಡ್ತದ. ಆವಾಗ ಪೊಲೀಸ್ರು ಯಾರನ್ನ ಒಯ್ತಾರ್ರಿ? ಅಪ್ಪನ್ನೋ, ಕೂಸಿನ್ನೋ?"

ನನ್ನ ಕೈಯ ಬಟ್ಟೆ ಫಳಿಯ ಮೇಲೇ ನಿಂತಿತು. ಪೊಲೀಸರು ಹುಡುಕಿದಷ್ಟೂ ಅವಳು ಯಾಕೆ ಒಳಗೆ ಸರಿದಿದ್ದಳೆಂದು ನನಗೆ ಆಗ ಹೊಳೆಯಿತು. ಕಳ್ಳಭಟ್ಟಿ ಇದ್ದ ಮನೆಯ ಮಗುವಿಗೆ ಪೊಲೀಸನ ಹೆದರಿಕೆ ಬರೀ ಊಟದ ಹೊತ್ತಿನ ಹೆದರಿಕೆಯಾಗಿರಲಿಲ್ಲ.

ಜಮಾದಾರ ಅವಳ ಕಡೆ ಬಾಗಿ, "ಮೊದಲ ಕೂಸಿನ್ನ ಒಯ್ತಾರವ್ವಾ. ದವಾಖಾನಿಗೆ" ಎಂದ. "ಯಾವಾಗ ಸುಟ್ಟದ?"

"ಮೊನ್ನಿ. ದವಾಖಾನಿಗೆ ಹೋದ್ರ ಹ್ಯಾಂಗ ಸುಟ್ಟಿತು ಕೇಳ್ತಾರಂತ ಅಪ್ಪ ಒಯ್ಯಾವಲ್ಲ. ಅವ್ವ ಸುಣ್ಣ ಹಚ್ಚ್ಯಾಳ."

ಅವನು ಎದ್ದು ನಿಂತ. ಟೊಪ್ಪಿಗೆ ತೆಗೆದು ನನ್ನ ಮೇಜಿನ ಮೇಲಿಟ್ಟ. ನಡುಪಟ್ಟಿಯನ್ನೂ ಬಿಚ್ಚಿಟ್ಟ. "ಅಕ್ಕೋರ, ನೀವೂ ಬರ್ರಿ. ನಾ ಒಬ್ಬನ ಹೋದ್ರ ಆ ಮನಷ್ಯಾ ಹಿತ್ತಲ ಬಾಗಿಲಿಂದ ಓಡಿಹೋಗ್ತಾನ" ಎಂದ. ಹುಡುಗಿಯನ್ನು ಅಂಗಳದಲ್ಲಿ ಆಡಲು ಕಳಿಸಿ ನಾವಿಬ್ಬರೇ ಹೊರಟೆವು. ದಾರಿಯಲ್ಲಿ ನಾನು ಕೇಳಿದೆ, ಅವನು ಆ ಮನುಷ್ಯನನ್ನು ಹಿಡಿಯುತ್ತಾನೋ ಎಂದು. ಅವನು ನಡಿಗೆ ಚುರುಕು ಮಾಡಿದ. ಅವನಿಗೇ ಇನ್ನೂ ಗೊತ್ತಿರಲಿಲ್ಲ ಎಂದು ನನಗೆ ಅನಿಸಿತು.

ಎಮ್ಮೆ ಕಟ್ಟಿದ ಅಂಗಳದ ಸಣ್ಣ ಮನೆ. ಹುಡುಗಿಯ ಅಪ್ಪ ಹೊರಗೆ ಹಗ್ಗ ಹೊಸೆಯುತ್ತಿದ್ದ. ನಮ್ಮನ್ನು ಕಂಡು ಎದ್ದ. ಖಾಕಿ ಕಂಡು ಅವನ ಕೈಯಿಂದ ಹಗ್ಗ ಜಾರಿತು.

"ಯಾರ ಹೇಳಿದ್ರು?" ಅವನ ಬಾಯಿಂದ ಬಂದ ಮೊದಲ ಮಾತು ಅದೇ.

"ಯಾರು ಹೇಳಬೇಕೋ ಮಾರಾಯಾ. ರಸ್ತಾತನಕ ಕೂಸಿನ ಅಳು ಕೇಳಾಕತ್ತದ" ಎಂದ ಜಮಾದಾರ.

ಕೂಸು ಅಳುತ್ತಲೇ ಇರಲಿಲ್ಲ. ಒಳಗೆ ತಾಯಿಯ ತೊಡೆಯ ಮೇಲೆ ಬಾಯಿ ತೆರೆದು ಜ್ವರದಲ್ಲಿ ಬಿದ್ದಿತ್ತು. ಬಲಗೈ ಮಣಿಕಟ್ಟಿನವರೆಗೆ ಊದಿ, ಸುಣ್ಣದ ಕೆಳಗೆ ಕೀವು ಕಟ್ಟಿತ್ತು. ಮೂಲೆಯಲ್ಲಿ ಗೋಣಿ ಚೀಲ ಮುಚ್ಚಿದ ದೊಡ್ಡ ಹಂಡೆ. ಹುಳಿ ವಾಸನೆ ಮನೆ ತುಂಬ. ಜಮಾದಾರ ಆ ಮೂಲೆಗೆ ಬೆನ್ನು ತಿರುಗಿಸಿ ನಿಂತು ಕೂಸನ್ನು ಎತ್ತಿಕೊಂಡ.

"ನಡೀರಿ ಲಗೂನ."

ಹೆದ್ದಾರಿಯಲ್ಲಿ ಸೀಟಿ ಊದಿ ಅವನು ಒಂದು ಲಾರಿ ನಿಲ್ಲಿಸಿದ. ಕೂಸು, ತಾಯಿ, ನಾನು ಡ್ರೈವರನ ಪಕ್ಕದಲ್ಲಿ. ಅವನು ಮತ್ತು ಅಪ್ಪ ಹಿಂದೆ, ಕಡಲೆ ಚೀಲಗಳ ಮೇಲೆ. ಹುಮನಾಬಾದಿನ ದವಾಖಾನೆಯಲ್ಲಿ ಡಾಕ್ಟರು ಹೇಗೆ ಸುಟ್ಟಿತು ಎಂದು ಕೇಳಿದರು. ತಾಯಿ ನೆಲ ನೋಡಿದಳು. ಜಮಾದಾರ ಕಿಟಕಿಯಾಚೆ ಬೇವಿನ ಮರದತ್ತ ನೋಡುತ್ತ ನಿಂತ. ಅಪ್ಪ ಅವನ ಬೆನ್ನನ್ನೊಮ್ಮೆ ನೋಡಿದ, ಕೂಸನ್ನೊಮ್ಮೆ ನೋಡಿದ.

"ಭಟ್ಟಿ ಹಂಡೇದಾಗ ಕೈ ಹಾಕಿತ್ರಿ" ಎಂದ. ಎಂದು ಅಲ್ಲೇ ಗೋಡೆಗೆ ಆತು ಕುಸಿದು ಕೂತ.

ಡಾಕ್ಟರು ಪೊಲೀಸನ ಕಡೆ ನೋಡಿದರು. ಅವನು ತಿರುಗಲಿಲ್ಲ. ಅವರು ಮತ್ತೇನೂ ಕೇಳದೆ ಕೂಸಿನ ಕೈ ತೊಳೆಯಲು ತೊಡಗಿದರು.

ಹೊರಗೆ ಬಂದ ಮೇಲೆ ಜಮಾದಾರ ಅಪ್ಪನನ್ನು ಬೇವಿನ ಮರದ ಕೆಳಗೆ ಕರೆದ. "ಇವತ್ತ ನಾ ಸಾಲಿ ಮಾಸ್ತರ ಇದ್ದಂಗ. ಸೋಮವಾರ ಟೊಪ್ಪಿಗಿ ಹಾಕ್ಕೊಂಡು ಬರ್ತೇನಿ. ಅವತ್ತ ಆ ಮೂಲ್ಯಾಗ ಹಂಡೆ ಕಂಡ್ರ ನಿನ್ನ ಕೈಗೆ ಬೇಡಿ. ಮತ್ತ ಮನಿಯಾಗ ಯಾರ ಮ್ಯಾಲಾದ್ರೂ ಕೈ ಎತ್ತಿದಿ ಅಂದ್ರ, ಸೋಮವಾರದ ಹಾದಿ ನೋಡಂಗಿಲ್ಲ."

ಸೋಮವಾರ ಹೋದಾಗ ಮೂಲೆಯಲ್ಲಿ ಸುಟ್ಟ ಕಪ್ಪು ಮಣ್ಣು ಮಾತ್ರ ಇತ್ತಂತೆ. ಕೂಸಿನ ಕೈ ಉಳಿಯಿತು, ಎರಡು ಬೆರಳು ಮಾತ್ರ ಅಂಟಿಕೊಂಡವು. ಹುಡುಗಿ ಕೆಲವು ದಿನ ಶಾಲೆಗೆ ಬರಲಿಲ್ಲ. ಅವಳ ಗತಿ ಏನಾಯಿತೋ ಎಂದು ನಾನು ಪ್ರತಿ ಮುಂಜಾನೆ ಬಾಗಿಲು ನೋಡುತ್ತಿದ್ದೆ. ಒಂದು ದಿನ ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡು ಬಂದು ತನ್ನ ಜಾಗದಲ್ಲಿ ಕೂತಳು. ಅಪ್ಪ ಬೈದನೇ ಎಂದು ಕೇಳಿದೆ. "ಇಲ್ರಿ. ಜಮಾದಾರ ಕಾಕಾಗ ಎಷ್ಟ ದೂರದ ತನಕ ಕಿವಿ ಕೇಳ್ತದ ಅಂತ ಕೇಳಿದ" ಎಂದಳು.

ಈ ಸುದ್ದಿ ಊರಲ್ಲಿ ಮುಚ್ಚಿಡಲು ಆಗುತ್ತಿರಲಿಲ್ಲ. ಗಲಾಟೆ ಆಗಬಹುದೆಂದು ಹೆಡ್ ಮಾಸ್ತರರು ಶನಿವಾರದ ತರಗತಿಯನ್ನೇ ನಿಲ್ಲಿಸಬೇಕೆಂದಿದ್ದರು. ಆದರೆ ಮುಂದಿನ ಶನಿವಾರ ಶಾಲೆಯ ಕಿಟಕಿಯ ಹೊರಗೆ ನಾಲ್ಕಾರು ಹೆಂಗಸರು ನಿಂತಿದ್ದರು. ಸೆರಗು ಮುಂದೆ ಎಳೆದುಕೊಂಡು, ಮಕ್ಕಳನ್ನು ಕರೆಯಲು ಬಂದವರ ಹಾಗೆ. ಒಬ್ಬಳು ಕಿಟಕಿಯ ಚೌಕಟ್ಟು ಹಿಡಿದು ಕೇಳಿದಳು: "ಕುಡದು ಬಂದು ಹೊಡಿಯಾಂವನ್ನ ನಿಮ್ಮ ಠಾಣಾದಾಗ ಏನ ಮಾಡ್ತೀರಿ ಅಂತ ಜರಾ ಹೇಳ್ರಲ್ಲಾ." ಜಮಾದಾರ ಮಕ್ಕಳಿಗೆ ಸೀಟಿ ಕೊಟ್ಟು ಅಂಗಳಕ್ಕೆ ಕಳಿಸಿ, ಕಿಟಕಿಯ ಬಳಿ ಹೋಗಿ ನಿಂತು ಹೇಳಿದ. ಮುಂದಿನ ವಾರಗಳಲ್ಲಿ ಆ ಕಿಟಕಿಯ ಹೊರಗೂ ಒಂದು ತರಗತಿ ನಡೆಯಿತು.

ಬಹಳ ಕಾಲ ನಡೆಯಲಿಲ್ಲ. ಮಳೆಗಾಲದ ಹೊತ್ತಿಗೆ ಫೌಜದಾರರ ವರ್ಗವಾಯಿತು. ಹೊಸಬರು ತಮ್ಮಲ್ಲಿ ಆಳು ಕಡಿಮೆ, ಶಾಲೆಗೆ ಕಳಿಸಲು ಆಗದು ಎಂದರು. ಜಮಾದಾರನನ್ನೂ ಬೇರೆ ಕಡೆ ಹಾಕಿದರು. ಮಕ್ಕಳು ಕೆಲವು ಶನಿವಾರ ಗೇಟಿನ ಬಳಿ ಕಾದು, ಆಮೇಲೆ ಮರೆತರು. ಹುಡುಗಿಯ ಅಪ್ಪ ಹೊಲದ ಕಡೆ ಮತ್ತೆ ಭಟ್ಟಿ ಹಚ್ಚಿದ್ದಾನೆ ಎಂದು ಒಂದೆರಡು ಸಲ ಕೇಳಿದೆ. ನಿಜವೋ ಸುಳ್ಳೋ, ಮನೆಯಲ್ಲಂತೂ ಹಚ್ಚಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಬಸವಕಲ್ಯಾಣಕ್ಕೆ ವರ್ಗವಾಗಿ ಬಂದ ಮೇಲೆ ಒಂದು ಬೆಳಿಗ್ಗೆ ಆ ಜಮಾದಾರರು ಹಣ್ಣಿನ ಗಾಡಿಯ ಬಳಿ ಸಿಕ್ಕರು. ಧೋತರ ಉಟ್ಟಿದ್ದರು, ಮೀಸೆ ಬೆಳ್ಳಗಾಗಿತ್ತು. ನಾನೇ ಗುರುತು ಹಿಡಿದೆ. ನೌಕರಿಯಿಂದ ನಿವೃತ್ತಿಯಾಗಿ ಮಗನ ಮನೆಯಲ್ಲಿದ್ದರು. ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಸೋಮವಾರ ಆ ಹಂಡೆ ಅಲ್ಲೇ ಇದ್ದಿದ್ರ ಖರೇನ ಹಿಡೀತಿದ್ರೇನ್ರಿ?"

"ಹಿಡೀತಿದ್ದೆ ಅಂತ ಅನ್ನಾಕತ್ತಿದ್ದೆರಿ ನನ್ನಷ್ಟಕ್ಕ ನಾ. ಹೋಗೋ ಹಾದ್ಯಾಗ ಕಾಲ ಏಳವಲ್ದಾಗಿದ್ವು." ಬಾಳೆಹಣ್ಣು ಕೈಚೀಲಕ್ಕೆ ಹಾಕಿಕೊಂಡರು. "ನೌಕರಿ ಇದ್ದಷ್ಟು ದಿನ ಸವಾಲು ಕೇಳಾಂವ ನಾನ ಇದ್ದೆ. ಎಲ್ಲಿದ್ದಿ, ಯಾಕ ಮಾಡ್ದಿ, ಯಾರ ಕೂಡ ಹೋಗಿದ್ದಿ. ನಿಮ್ಮ ಸಾಲ್ಯಾಗಷ್ಟ ನನಗ ಕೇಳಾವ್ರಿದ್ರು. ಶುಕ್ರವಾರ ರಾತ್ರಿ ನಿದ್ದಿ ಹತ್ತತಿರಲಿಲ್ರಿ, ನಾಳಿ ಏನ ಕೇಳ್ತಾವೋ ಅಂತ. ಆ ಹುಡುಗಿ ಈಗ ಎಲ್ಲಿದ್ದಾಳ?"

ಮನ್ನಾಏಖೇಳ್ಳಿಗೆ ಕೊಟ್ಟಿದ್ದಾರೆ, ಈಚೆಗೆ ಬಸ್ಸಿನಲ್ಲಿ ಕಂಡೆ, ಬಗಲಲ್ಲಿ ಒಂದು ಕೂಸಿತ್ತು ಎಂದೆ. ತಮ್ಮನೂ ಜೊತೆಗಿದ್ದ, ಆ ಸುಟ್ಟ ಕೈಯಲ್ಲೇ ಮೇಲಿನ ಕಂಬಿ ಹಿಡಿದು ನಿಂತಿದ್ದ.

"ಆರಾಮ ಇದ್ದಾಳಿಲ್ರಿ?"

"ಇದ್ದಾಳ್ರಿ. ಬಸ್ಸು ಅವರ ಓಣಿ ಮುಂದ ಯಾಕ ನಿಲ್ಲಂಗಿಲ್ಲ ಅಂತ ಕಂಡಕ್ಟರಗ ಕೇಳಾಕತ್ತಿದ್ಳು. ಅಂವ ಬಾಯಿ ಮುಚ್ಚಿಕೊಂಡು ನಿಂತಿದ್ದ."

ಅವರು ಗಾಡಿಯ ಅಂಚು ಹಿಡಿದು ಮೈ ಅಲುಗುವಂತೆ ನಕ್ಕರು. ಆಮೇಲೆ, ಕಡೆಗೆ ಬಸ್ಸು ನಿಂತಿತೋ ಇಲ್ಲವೋ ಎಂದು ಕೇಳಿದರು.