ಕಟಪಾಡಿಯ ಬಾಳೆನಾರು

ಆ ನಿಯಮವನ್ನು ಮಾಡಿಸಿದವನು ನಾನು. ಬೇರೆ ಯಾರ ತಲೆಗೂ ಅದನ್ನು ಕಟ್ಟುವಂತಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ದಸರಾ ರಜೆ. ಮೈಸೂರಿನ ಕಾಲೇಜಿನಿಂದ ಕಾಪುವಿನ ದೊಡ್ಡಮ್ಮನ ಮನೆಗೆ ಬಂದಿದ್ದೆ. ಆ ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮೇಲಿಂದ ಮೇಲೆ ಗೆದ್ದು, ಯಾರು ಏನು ಹೇಳಿದರೂ ‘ಅದಕ್ಕೆ ಆಧಾರವೇನು?’ ಎಂದು ಕೇಳುವ ಚಟ ಅಂಟಿತ್ತು. ದೇವರ ವಿಷಯದಲ್ಲಿ ದೊಡ್ಡಮ್ಮನನ್ನೂ ಬಸ್ಸಿನ ಹೊತ್ತಿನ ವಿಷಯದಲ್ಲಿ ಏಜೆಂಟನನ್ನೂ ಕೇಳಿಯಾಗಿತ್ತು.

ದೊಡ್ಡಮ್ಮನ ಹಿತ್ತಿಲಿನಾಚೆ ರಂಪಣಿ ಎಳೆಯುವವರೊಬ್ಬರ ಮನೆ. ರಂಪಣಿಯೆಂದರೆ ದೋಣಿಯಲ್ಲಿ ಒಯ್ದು ಕಡಲಲ್ಲಿ ಸುತ್ತು ಹಾಕುವ ಭಾರೀ ಬಲೆ. ಅದರ ಎರಡು ಹಗ್ಗಗಳನ್ನು ದಡದಲ್ಲಿ ನಿಂತ ಎರಡು ಸಾಲು ಆಳುಗಳು ಒಟ್ಟಿಗೆ ಎಳೆಯಬೇಕು. ನಾನು ‘ಅಣ್ಣ’ ಎನ್ನುತ್ತಿದ್ದ ಈ ಮನುಷ್ಯ ಎದೆಯ ಕಾಯಿಲೆಯಿಂದ ಮಣಿಪಾಲದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ಬಂದಿದ್ದರು. ಅಷ್ಟರಲ್ಲಿ ಹಗ್ಗದಲ್ಲಿ ಅವರ ಜಾಗ ಹೋಗಿತ್ತು. ಮಲ್ಪೆಯಲ್ಲಿ ಯಂತ್ರದ ದೋಣಿಗಳು ಹೆಚ್ಚಿದ ಮೇಲೆ ರಂಪಣಿಗಳೇ ಕಡಿಮೆ, ಆಳುಗಳಿಗೆ ಬರವಿರಲಿಲ್ಲ. ಬಲೆಯ ಮುಖ್ಯಸ್ಥ ತಂಡೇಲರು ಎಲ್ಲರೆದುರು ಹೇಳಿಬಿಟ್ಟಿದ್ದರು: “ಯುವಕ ಮಂಡಲದ ಓಟ ಉಂಟಲ್ವಾ? ಕಟಪಾಡಿಯವರೆಗೆ ಓಡಿ ಹೋಗಿ ವಾಪಸ್ ಬಾ. ಮುಗಿಸಿದರೆ ಹಗ್ಗ ಹಿಡಿ. ಇಲ್ಲದಿದ್ದರೆ ಮತ್ತೆ ಕೇಳಲಿಕ್ಕೆ ಬರಬೇಡ.”

ಓಟಕ್ಕೆ ಎರಡು ದಿನ ಮೊದಲು ಮಂಡಲದ ಕೋಣೆಯಲ್ಲಿ ಸಭೆ. ಹಿಂದಿನ ವರ್ಷ ಒಬ್ಬ ಪಾಂಗಾಳದ ಸೇತುವೆಯ ಹತ್ತಿರ ಅಡಗಿ ಕುಳಿತು, ಮರಳಿ ಬರುವವರ ಜೊತೆ ಸೇರಿಕೊಂಡು ಬಹುಮಾನ ಹೊಡೆದಿದ್ದನಂತೆ. ನಾನು ಎದ್ದು ನಿಂತೆ. ಕಟಪಾಡಿಯಲ್ಲಿ ಶಂಕರಪುರದ ಹೆಂಗಸರು ಮಲ್ಲಿಗೆ ಮಾರಲು ಕೂರುತ್ತಾರಲ್ಲ, ಹೂ ಕಟ್ಟುವ ಬಾಳೆನಾರು ಅವರ ಬಳಿ ಇದ್ದೇ ಇರುತ್ತದೆ. ಅಲ್ಲಿಗೆ ಹೋದ ಪ್ರತಿಯೊಬ್ಬನ ಮಣಿಕಟ್ಟಿಗೂ ಅವರು ಒಂದು ನಾರು ಕಟ್ಟಲಿ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

“ನಾರಿಲ್ಲದವನು ಓಡಿಯೇ ಇಲ್ಲ. ಅವನ ಪರವಾಗಿ ಯಾರು ಸಾಕ್ಷಿ ಹೇಳಿದರೂ ಕೇಳಬಾರದು. ಸ್ನೇಹಿತರ ಬಾಯಿಮಾತು ಪ್ರಮಾಣವಲ್ಲ.”

ಚಪ್ಪಾಳೆ ಬಿತ್ತು. ಕಾರ್ಯದರ್ಶಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಬಾಗಿಲ ಬಳಿ ಕುಳಿತಿದ್ದ ಅಣ್ಣ ನಗುತ್ತಾ, “ಲಾಯರ್ರೇ, ಒಳ್ಳೇದಾಯ್ತು. ಇನ್ನು ನಾನು ಅರ್ಧ ದಾರಿಯಲ್ಲಿ ತಿರುಗಿದೆ ಅಂತ ಯಾರೂ ಹೇಳುವ ಹಾಗಿಲ್ಲ” ಎಂದರು.

“ಮಾತಾಡಿದವರು ಓಡುವುದಿಲ್ಲವೋ?” ಎಂದು ಹಿಂದಿನಿಂದ ಯಾರೋ ಕೆಣಕಿದರು. ಹಾಗಾಗಿ ನಾನೂ ಹೆಸರು ಕೊಟ್ಟೆ.

ಓಟದ ದಿನ ಬೆಳಿಗ್ಗೆ ಹೊರಟಾಗಲೇ ಸೆಕೆ. ಕಾರ್ಕಳದಿಂದ ಬಂದ ಹುಡುಗರು ಮೊದಲ ತಿರುವಿನಲ್ಲೇ ಕಣ್ಣಿಗೆ ಮರೆಯಾದರು. ಕಟಪಾಡಿಯಲ್ಲಿ ಒಬ್ಬ ಹೆಂಗಸು ನನ್ನ ಕೈಗೆ ನಾರು ಬಿಗಿಯುತ್ತಾ, “ಪಾಪ, ಬಸ್ಸು ಉಂಟು ಮಗಾ” ಎಂದಳು. ಮರಳುವಾಗ ಸೇತುವೆ ದಾಟುವಷ್ಟರಲ್ಲಿ ನನ್ನ ಕ್ಯಾನ್ವಾಸ್ ಬೂಟಿನ ಅಟ್ಟೆ ಕಿತ್ತು ನಾಲಗೆಯಂತೆ ಜೋತಾಡತೊಡಗಿತು.

ಹಿಂದಿನಿಂದ ಅಣ್ಣ ಬಂದರು. ಅವಸರವಿಲ್ಲ, ಅಳೆದು ಉಸಿರು ಬಿಡುತ್ತಿದ್ದರು. ನನ್ನ ಕಾಲು ನೋಡಿದವರೇ ಕುಕ್ಕುರುಗಾಲಿನಲ್ಲಿ ಕುಳಿತರು. ಬಲೆ ಹರಿದದ್ದು ಕಂಡರೆ ಆ ಕೈಗಳು ಹೇಗೆ ಸಾಗುತ್ತವೆಯೋ ಹಾಗೆಯೇ ಸಾಗಿದವು: ತಮ್ಮದೇ ಮಣಿಕಟ್ಟಿನ ನಾರು ಬಿಚ್ಚಿತು, ಬೂಟನ್ನು ಎರಡು ಸುತ್ತು ಸುತ್ತಿತು, ಗಂಟು ಬಿತ್ತು. “ಈಗ ಓಡಿ” ಎಂದವರು ನನಗಿಂತ ಮೊದಲೇ ಎದ್ದು ಹೋದರು. ತಮ್ಮ ಕೈ ಏನು ಮಾಡಿತೆಂದು ಅವರಿಗೆ ಗೊತ್ತೇ ಆಗಿರಲಿಲ್ಲ.

ನನಗೆ ಗೊತ್ತಾಗಿತ್ತು. ಕೂಗಬಹುದಿತ್ತು. ಕೂಗಿದ್ದರೆ ಅವರು ನಾರು ಬಿಚ್ಚಿಕೊಳ್ಳುತ್ತಿದ್ದರು, ನಾನು ನನ್ನ ನಾರನ್ನು ಬೂಟಿಗೆ ಬಿಟ್ಟುಕೊಡಬೇಕಿತ್ತು, ಇಲ್ಲವೇ ಆ ಬಿಸಿ ಡಾಂಬರಿನ ಮೇಲೆ ಬರಿಗಾಲಿನಲ್ಲಿ ನಡೆಯಬೇಕಿತ್ತು. ನಾನೇ ಹೋಗಿ ವಿವರಿಸುತ್ತೇನೆ, ಅಷ್ಟು ಸಾಕು ಎಂದುಕೊಂಡೆ. ವಿವರಿಸುವುದರಲ್ಲಿ ನಾನು ಯಾವಾಗ ಸೋತಿದ್ದೆ?

ನಾನು ತಲುಪಿದಾಗ ಅವರು ಮಂಡಲದ ಮೆಟ್ಟಿಲ ಮೇಲೆ ಕುಳಿತು ಕೆಮ್ಮುತ್ತಿದ್ದರು. ದಾರಿಯಲ್ಲಿ ಎಷ್ಟೋ ಮಂದಿಯನ್ನು ಹಿಂದೆ ಹಾಕಿ ಬಂದು ಮುಟ್ಟಿದ್ದರಂತೆ. ಕಾರ್ಯದರ್ಶಿ ಬರಿಯ ಮಣಿಕಟ್ಟನ್ನು ನೋಡಿ ಹೆಸರು ಹೊಡೆದುಹಾಕಿದ್ದರು.

ನಾನು ಕಾರ್ಯದರ್ಶಿಗೆ ಎಲ್ಲವನ್ನೂ ಹೇಳಿದೆ.

“ಸಾಕ್ಷಿ ಕೇಳಬಾರದು ಅಂತ ನೀವೇ ಬರೆಸಿದ್ದಲ್ವಾ ಮಾರಾಯ್ರೆ?”

ಬೂಟು ಎತ್ತಿ ತೋರಿಸಿದೆ. “ನನ್ನ ಕೈಯಲ್ಲಿ ಒಂದು, ಇಲ್ಲಿ ಇನ್ನೊಂದು.”

“ಹೂವಿನವರ ಹತ್ತಿರ ಇನ್ನೊಂದು ಕೇಳಿದರೆ ಕೊಡುವುದಿಲ್ಲವೋ?”

“ಗಂಟು ನೋಡಿ. ಇದು ಬಲೆಯ ಗಂಟು. ನನಗೆ ಹಾಕಲು ಬರುವುದಿಲ್ಲ.”

“ಈ ಊರಲ್ಲಿ ಬಾರದವರು ಯಾರು? ಅಗೋ, ಅಲ್ಲಿ ನಿಂತ ಅಜ್ಜಿಯೂ ಹಾಕ್ತಾರೆ.” ಸುತ್ತಲಿದ್ದವರು ನಕ್ಕರು.

ನಾನು ಬಿಡಲಿಲ್ಲ. ನಿಯಮದ ಉದ್ದೇಶ ಬೇರೆ, ಅಕ್ಷರ ಬೇರೆ ಎಂದೆ; ಸೇತುವೆಯ ಬಳಿ ಅಣ್ಣ ಹೇಗೆ ನಿಂತರು, ಹೇಗೆ ಕುಳಿತರು ಎಂಬುದನ್ನು ಎಳೆ ಎಳೆಯಾಗಿ ಬಿಡಿಸಿಟ್ಟೆ. ಒಳ್ಳೆಯ ವಾದ. ಬದಿಯಲ್ಲಿ ನಿಂತಿದ್ದ ತಂಡೇಲರು ಪೂರ್ತಿ ಕೇಳಿದರು.

“ಇವರು ಹೇಳಿದ್ದು ನಿಜ ಅಂತಲೇ ಇಟ್ಟುಕೊಳ್ಳುವ” ಎಂದರು ಕೊನೆಗೆ. “ಹಾಗಾದರೆ ಇವ ನಡುವಲ್ಲಿ ನಿಂತದ್ದು ಹೌದು. ನಾಳೆ ಬಲೆ ತುಂಬಿ ಬರುವಾಗ ಪಕ್ಕದವನ ಕಾಲಿಗೆ ಎಂತದೋ ಆಯ್ತು ಅಂತ ಹಗ್ಗ ಬಿಟ್ಟು ಕೂತರೆ? ಒಂದು ಕೈ ಸಡಿಲಾದರೆ ಮೀನು ಅಲ್ಲೇ ಹೊರಗೆ.”

ಅದಕ್ಕೆ ಉತ್ತರ ಹುಡುಕಲು ಬಾಯಿ ತೆರೆದೆ. ಅಣ್ಣ ಕೈಯೆತ್ತಿದರು. “ಬಿಡಿ ಲಾಯರ್ರೇ. ನೀವು ಮಾತಾಡಿದಷ್ಟೂ ನನಗೆ ಕಷ್ಟ.”

ಮೂರನೆಯ ದಿನ ರಂಪಣಿ ಎಳೆದರು. ನೋಡುತ್ತಾ ನಿಂತಿದ್ದ ನನ್ನನ್ನು ಸಾಲಿನಿಂದ ಯಾರೋ ಕರೆದರು: “ಎಂತ ನೋಡ್ತೀರಿ? ಹಿಡೀರಿ.” ದಾರಿಹೋಕರು ಕೈ ಜೋಡಿಸಿದರೆ ಒಂದಷ್ಟು ಮೀನು ಕೊಡುವುದು ಅಲ್ಲಿಯ ರೂಢಿ. ಹಿಡಿಯಬಾರದಿತ್ತು. ಹಿಡಿದೆ. ಹಗ್ಗ ಅಂಗೈ ಸುಲಿಯಿತು. ಕೊನೆಗೆ ಬೊಗಸೆ ತುಂಬ ಬೂತಾಯಿ ಮೀನು ಹಾಕಿದರು.

ಅದನ್ನು ಎಲೆಯಲ್ಲಿ ಸುತ್ತಿ ಹಿತ್ತಿಲು ದಾಟಿ ಹೋದೆ. ಅಣ್ಣ ಜಗಲಿಯಲ್ಲಿ ಕುಳಿತಿದ್ದರು. ಅಲ್ಲಿಂದ ಕಡಲು ಕಾಣುವುದಿಲ್ಲ, ಎಳೆಯುವವರ ಕೂಗು ಮಾತ್ರ ಕೇಳುತ್ತದೆ.

“ಇದು ಎಲ್ಲಿಯದ್ದು?”

“ಇವತ್ತಿನದ್ದು. ನಾನೂ ಸ್ವಲ್ಪ ಎಳೆದೆ.”

ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದರು. “ಕೊಬ್ಬರಿ ಎಣ್ಣೆ ಹಚ್ಚಿ” ಎಂದರು. ಮೀನಿನ ಕಟ್ಟನ್ನು ಮುಟ್ಟಲಿಲ್ಲ.

“ಇದು ಎಳೆದವರಿಗೆ ಕೊಡುವುದು. ಕೊಂಡುಹೋಗಿ.”

ಒಳಗಿನಿಂದ ಅವರ ಹೆಂಡತಿ ಹೊಸ್ತಿಲವರೆಗೆ ಬಂದು, ಎಲೆಯ ಕಟ್ಟನ್ನೂ ಗಂಡನನ್ನೂ ನೋಡಿ, ಹಾಗೆಯೇ ಒಳಗೆ ಹೋದರು. ನಾನು ಅದನ್ನು ಎತ್ತಿಕೊಂಡು ಬಂದೆ. ದೊಡ್ಡಮ್ಮ ಸಾರು ಮಾಡಿದರು, ತಿಂದೆ.